ಹೊಸ ಹೌಸ್, ಟೆಕ್ನೋ ಹುಡುಕೋದು ಹೇಗೆ? ಆಪ್ ಕೊಟ್ಟಿದ್ದನ್ನೇ ಕೊಡ್ತಿದೆ

#1 ಮಳೆಹನಿ_122

ಎಲ್ಲರಿಗೂ ನಮಸ್ಕಾರ. ಸ್ಟ್ರೀಮಿಂಗ್ ಆಪ್‌ನಲ್ಲಿ ಡೀಪ್ ಹೌಸ್ (ಎಲೆಕ್ಟ್ರಾನಿಕ್ ಡ್ಯಾನ್ಸ್ ಸಂಗೀತದ ಒಂದು ಬಗೆ) ಅಂತ ಹಾಕಿದ್ರೆ ತಿರುಗಾ ಮುರುಗಾ ಅದೇ ನಲವತ್ತು ಟ್ರ್ಯಾಕ್. ಬೇಕಿರೋದು 120ರಿಂದ 126 ಬಿಪಿಎಂ (ನಿಮಿಷಕ್ಕೆ ಎಷ್ಟು ಬೀಟ್ ಅನ್ನೋ ಲೆಕ್ಕ) ಒಳಗಿನ ಡೀಪ್ ಹೌಸ್, ಪ್ರತಿಧ್ವನಿ ತುಂಬಿದ ಡಬ್ ಟೆಕ್ನೋ. ಫೆಸ್ಟಿವಲ್ ಸ್ಟೇಜಿನ ಪಟಾಕಿ ಥರದ ಡ್ರಾಪ್ (ಬೀಟ್ ಒಮ್ಮೆಲೇ ಅಪ್ಪಳಿಸೋ ಜಾಗ) ಬೇಡ. ತಿಂಗಳಿಗೆ 500 ರೂಪಾಯಿ, ವಾರಕ್ಕೆ ಎರಡು ಗಂಟೆ, ಒಂದು ಫೋನು, ಒಂದು ಲ್ಯಾಪ್‌ಟಾಪು. ಎಲ್ಲಿಂದ ಶುರು ಮಾಡೋದು?

ಇದರ ಜೊತೆಗೇ ಇನ್ನೊಂದು: ಒಂದು ಮಿಕ್ಸ್‌ನ (ಡಿಜೆ ಹಲವು ಟ್ರ್ಯಾಕ್ ಬೆರೆಸಿ ಒಂದೇ ಓಟದಲ್ಲಿ ನುಡಿಸಿದ್ದು) 47ನೇ ನಿಮಿಷದಲ್ಲಿ ಬರೋ ಟ್ರ್ಯಾಕ್, ಹಾಡು ಗುರುತಿಸೋ ಆಪ್ ಶಝಾಮ್‌ಗೆ ಸಿಗ್ತಾನೇ ಇಲ್ಲ. ಏನಾದ್ರೂ ದಾರಿ ಇದೆಯಾ?

#2 ಸೂಜಿಮೊನೆ

ಟ್ರ್ಯಾಕ್ ಹುಡುಕಬೇಡಿ, ಲೇಬಲ್ ಹುಡುಕಿ.

ಸಿನಿಮಾ ಹಾಡನ್ನು ಆಡಿಯೋ ಕಂಪನಿ ಹೆಸರು ನೋಡಿ ಯಾರೂ ಆರಿಸಲ್ಲ. ಈ ಸಂಗೀತದ ಲೆಕ್ಕವೇ ಬೇರೆ. ಇಲ್ಲಿ ಲೇಬಲ್ ಅಂದ್ರೆ ಬಹಳ ಸಲ ಇಬ್ಬರು ಮೂವರು ನಡೆಸೋ ಚಿಕ್ಕ ವ್ಯವಹಾರ. ನಡೆಸೋರೇ ಡಿಜೆಗಳು, ಅವರ ಕಿವಿಗೆ ಒಪ್ಪಿದ್ದು ಮಾತ್ರ ಹೊರಗೆ ಬರುತ್ತೆ. 2007ರಲ್ಲಿ ಶುರುವಾದ ಹೆಸಲ್ ಆಡಿಯೋವನ್ನೇ ನೋಡಿ: ಬೆನ್ ಯುಎಫ್‌ಓ, ಪ್ಯಾಂಜಿಯಾ, ಪಿಯರ್ಸನ್ ಸೌಂಡ್, ಮೂವರೇ. ಇಂಥ ಲೇಬಲ್‌ನ ಒಂದು ರೆಕಾರ್ಡ್ ಹಿಡಿಸಿದ್ರೆ ಉಳಿದವೂ ಹಿಡಿಸೋ ಸಾಧ್ಯತೆ ಜಾಸ್ತಿ. ಅಲ್ಗಾರಿದಮ್ ಅಂದಾಜು ಹಾಕುತ್ತೆ, ಇವರು ಆರಿಸಿ ಇಟ್ಟಿರ್ತಾರೆ.

ಡಬ್ ಟೆಕ್ನೋ ಅಂದ್ರಲ್ಲ, ಅದರಲ್ಲೇ ಒಂದು ಸುತ್ತು ಹಾಕೋಣ. ಬೇಕಾಗಿರೋ ಸೈಟ್ ಡಿಸ್ಕಾಗ್ಸ್. 2000ದಲ್ಲಿ ಎಲೆಕ್ಟ್ರಾನಿಕ್ ಸಂಗೀತದ ಪಟ್ಟಿ ಮಾಡೋಕೇ ಅಂತ ಶುರುವಾದದ್ದು, ಆಮೇಲೆ ಎಲ್ಲ ಬಗೆಯ ಸಂಗೀತಕ್ಕೂ ಬೆಳೀತು. ಹಾಗಾಗಿ ನಮ್ಮ ಕ್ಷೇತ್ರದ ಮಾಹಿತಿ ಅಲ್ಲಿ ಬೇರೆಲ್ಲದಕ್ಕಿಂತ ದಟ್ಟ.

ಬೇಸಿಕ್ ಚಾನೆಲ್ ಅಂತ ಹುಡುಕಿ. ಬರ್ಲಿನ್, 1993, ಮಾರ್ಕ್ ಅರ್ನೆಸ್ಟಸ್ ಮತ್ತು ಮೋರಿಟ್ಸ್ ಫಾನ್ ಓಸ್ವಾಲ್ಡ್. ಆ ಇಬ್ಬರ ಹೆಸರನ್ನೂ ಒಂದೊಂದಾಗಿ ಕ್ಲಿಕ್ ಮಾಡಿ ಅವರ ಬೇರೆ ಹೆಸರುಗಳನ್ನು, ಗುಂಪುಗಳನ್ನು ನೋಡಿ. ಮೌರಿಝಿಯೋ, ರಿದಮ್ ಅಂಡ್ ಸೌಂಡ್ ಕಾಣುತ್ತೆ. ಅಲ್ಲಿಂದ ಅವರದೇ ಇನ್ನೊಂದು ಲೇಬಲ್ ಚೈನ್ ರಿಯಾಕ್ಷನ್‌ಗೆ ಹೋಗಿ. ಅದು 1995ರದ್ದು. ಅದರ ಪುಟದಲ್ಲಿ ಪೋರ್ಟರ್ ರಿಕ್ಸ್, ಮೊನೊಲೇಕ್, ವ್ಲಾಡಿಸ್ಲಾವ್ ಡಿಲೇ ಇದ್ದಾರೆ. ಕೊನೆಯ ಕಡೆ 2001ರಲ್ಲಿ ಶಿನಿಚಿ ಅಟೋಬೆ ಅಂತ ಜಪಾನಿನ ಒಬ್ಬರ ಒಂದೇ ಒಂದು ರೆಕಾರ್ಡ್ ಇದೆ. ಆ ಹೆಸರನ್ನು ಒತ್ತಿ. ಅಲ್ಲಿಂದ 2014ರವರೆಗೆ ಪುಟ ಖಾಲಿ! 2014ರಲ್ಲಿ ಮ್ಯಾಂಚೆಸ್ಟರ್‌ನ ಡಿಡಿಎಸ್ ಲೇಬಲ್‌ನಲ್ಲಿ ಒಂದು ಆಲ್ಬಮ್, ಅದಾದ ಮೇಲೆ ಸಾಲು ಸಾಲು. ಈಗ ಡಿಡಿಎಸ್ ಅನ್ನು ಒತ್ತಿ, ಬೇರೆ ಯಾರನ್ನು ಹೊರತಂದಿದ್ದಾರೆ ನೋಡಿ. 1993ರ ಬರ್ಲಿನ್‌ನಿಂದ ಹೊರಟು ಹದಿನೈದು ಕ್ಲಿಕ್ಕಿನೊಳಗೆ ಈಗಲೂ ಹೊಸದು ತರುತ್ತಿರೋ ಮನೆ ಬಾಗಿಲಿಗೆ ಬಂದಿರ್ತೀರಿ. ಇದನ್ನು ಯಾವ ಪ್ಲೇಲಿಸ್ಟೂ ಮಾಡಿಕೊಡಲ್ಲ.

ರಿದಮ್ ಅಂಡ್ ಸೌಂಡ್ ಹತ್ತಿರ ಇನ್ನೊಂದು ಕವಲಿದೆ. ಈ ಇಬ್ಬರೇ ನ್ಯೂಯಾರ್ಕಿನ ಬ್ರಾಂಕ್ಸ್‌ನ ರೆಗೆ ಲೇಬಲ್ ವ್ಯಾಕೀಸ್‌ನ ಹಳೇ ರೆಕಾರ್ಡುಗಳನ್ನು ಮತ್ತೆ ಅಚ್ಚು ಹಾಕಿಸಿದ್ರು. ಡಬ್ ಟೆಕ್ನೋದ ಆ ಪ್ರತಿಧ್ವನಿ ಎಲ್ಲಿಂದ ಬಂತು ಅನ್ನೋದಕ್ಕೆ ಉತ್ತರ ಅಲ್ಲೇ ಇದೆ.

ಮೂರು ಕಡೆ ಜನ ಎಡವ್ತಾರೆ. ಒಂದು, ಹೆಸರಿನ ಪಕ್ಕ ಆವರಣದಲ್ಲಿ 2, 3 ಅಂತ ಸಂಖ್ಯೆ ಇದ್ರೆ ಅದು ಅದೇ ಹೆಸರಿನ ಬೇರೆ ಮನುಷ್ಯ. ಸ್ಟ್ರೀಮಿಂಗ್ ಆಪ್‌ಗಳು ಇಂಥವರನ್ನೆಲ್ಲ ಎಷ್ಟೋ ಸಲ ಒಂದೇ ಪುಟಕ್ಕೆ ತುರುಕಿರುತ್ತವೆ. ಎರಡು, ಮಾಸ್ಟರಿಂಗ್ (ಸದ್ದನ್ನು ಕೊನೆಗೆ ಹದ ಮಾಡೋದು) ಮಾಡಿದವರ, ಲ್ಯಾಕರ್ ಕಟ್ (ವಿನೈಲ್ ಅಚ್ಚಿಗೆ ಮೂಲ ತಟ್ಟೆ ಕೊರೆಯೋದು) ಮಾಡಿದವರ ಹೆಸರಿನ ಹಿಂದೆ ಹೋಗಬೇಡಿ. ಅವರು ನೂರಾರು ಲೇಬಲ್‌ಗಳಿಗೆ ಕೆಲಸ ಮಾಡೋ ಎಂಜಿನಿಯರ್‌ಗಳು, ಅವರ ಪಟ್ಟಿಯಲ್ಲಿ ಅಭಿರುಚಿಯ ಸುಳಿವು ಸಿಗಲ್ಲ. ರೀಮಿಕ್ಸ್ ಮಾಡಿದವರ ಹೆಸರು ಮಾತ್ರ ಚಿನ್ನ, ಯಾಕಂದ್ರೆ ಅವರನ್ನು ಲೇಬಲ್‌ನವರೇ ಬೇಕು ಅಂತ ಕರೆಸಿರ್ತಾರೆ. ಮೂರು, ಬೆಲೆ ನೋಡಿ ಗಾಬರಿಯಾಗಬೇಡಿ. ಅದು ಹಳೇ ವಿನೈಲ್ ಮಾರೋರ ಸಂತೆ. ಕೇಳೋಕೆ ಅದೇ ಪುಟದಲ್ಲಿ ಯೂಟ್ಯೂಬ್ ವಿಡಿಯೋಗಳನ್ನು ಜೋಡಿಸಿರ್ತಾರೆ.

#3 ಕಡಲತೀರ

ಹದಿನೈದು ಕ್ಲಿಕ್ ಅಂತ ಹೇಳಿ ರಾತ್ರಿ ಎರಡು ಗಂಟೆಗೆ ಎಪ್ಪತ್ತು ಟ್ಯಾಬ್ ತೆರೆದು ಕೂತುಕೊಳ್ಳುವಂತೆ ಮಾಡ್ತಾರೆ ಇವರು, ಜಾಗ್ರತೆ ಮಾರಾಯ್ರೆ.

ಒಂದು ಮುಖ್ಯ ವಿಷಯ ಉಂಟು. ಫೋನಿನ ಸ್ಪೀಕರ್‌ನಲ್ಲಿ ಕೇಳಿ ತೀರ್ಪು ಕೊಡಬೇಡಿ. ಆ ಪುಟ್ಟ ಸ್ಪೀಕರ್‌ನಲ್ಲಿ 200 ಹರ್ಟ್ಝ್‌ಗಿಂತ ಕೆಳಗೆ ಹೆಚ್ಚೇನೂ ಬರುವುದಿಲ್ಲ. ಡಬ್ ಟೆಕ್ನೋ, ಡಬ್‌ಸ್ಟೆಪ್‌ನ ಸಬ್ ಬೇಸ್ (ತೀರಾ ಕೆಳಗಿನ ಗುಂಯ್ ಸದ್ದು) ಇರುವುದು 40ರಿಂದ 60ರ ಆಸುಪಾಸು. ಅಂದರೆ ಟ್ರ್ಯಾಕಿನ ಅರ್ಧ ಜೀವ ನಿಮಗೆ ಕೇಳಿಸುವುದೇ ಇಲ್ಲ, ಉಳಿದದ್ದು ಟಿಕ್ ಟಿಕ್ ಮಾತ್ರ. ಸಾವಿರ ರೂಪಾಯಿಯ ವೈರ್ ಇಯರ್‌ಫೋನ್ ಸಾಕು, ಅದು ಕಿವಿಗೆ ಬಿಗಿಯಾಗಿ ಕೂರಬೇಕು ಅಷ್ಟೆ. ಸಡಿಲ ಕೂತರೆ ಮೊದಲು ಹೋಗುವುದು ಬೇಸೇ.

#4 ಹೈಹ್ಯಾಟ್

ಕೇಳೋ ಕ್ರಮದ ಬಗ್ಗೆ ಎರಡು ಮಾತು ಸೇರಿಸ್ತೀನಿ. ಹೊಸಬರು ಒಳ್ಳೇ ಟ್ರ್ಯಾಕ್ ಕಳ್ಕೊಳ್ಳೋದೇ ಇಲ್ಲಿ.

ಈ ಟ್ರ್ಯಾಕ್‌ಗಳು ಡಿಜೆಗಳಿಗೆ ಅಂತ ಕಟ್ಟಿದವು. ಮೊದಲ ಭಾಗ ಹಿಂದಿನ ಟ್ರ್ಯಾಕ್ ಜೊತೆ ಬೆರೆಸೋಕೆ ಬಿಟ್ಟ ಜಾಗ: ಬರೀ ಕಿಕ್ (ಧಮ್ ಅನ್ನೋ ದೊಡ್ಡ ಡ್ರಮ್), ಹೈಹ್ಯಾಟ್ (ಟಿಸ್ ಅನ್ನೋ ತಾಳ). ಲೆಕ್ಕ ಹಾಕಿ. 128 ಬಿಪಿಎಂನಲ್ಲಿ ನಾಲ್ಕು ಬೀಟ್‌ನ ಒಂದು ಬಾರ್ ಅಂದ್ರೆ 1.875 ಸೆಕೆಂಡ್. 32 ಬಾರ್ ಅಂದ್ರೆ ಸರಿಯಾಗಿ 60 ಸೆಕೆಂಡ್. ಬದಲಾವಣೆಗಳು 8, 16, 32 ಬಾರ್‌ಗೆ ಒಮ್ಮೆ ಬರುತ್ತವೆ. 30 ಸೆಕೆಂಡ್ ಕೇಳಿ ‘ಏನೂ ಇಲ್ಲ ಇದರಲ್ಲಿ’ ಅಂತ ಮುಂದೆ ಹೋದ್ರೆ ನೀವು ಕೇಳಿದ್ದು 16 ಬಾರ್, ಅಂದ್ರೆ ಬಾಗಿಲು ಮಾತ್ರ. ಮನೆ ಒಳಗೆ ಹೋಗೇ ಇಲ್ಲ.

ಹಾಗಾಗಿ ಮೊದಲಿಂದ ಕೇಳಬೇಡಿ. ಏಳು ನಿಮಿಷದ ಟ್ರ್ಯಾಕ್ ಇದ್ರೆ ಸುಮಾರು 2:15ಕ್ಕೆ ಹಾರಿ 20 ಸೆಕೆಂಡ್, ಆಮೇಲೆ 4:30ಕ್ಕೆ ಹಾರಿ 20 ಸೆಕೆಂಡ್. ಎರಡೂ ಕಡೆ ಕಿವಿ ನಿಮಿರಲಿಲ್ಲ ಅಂದ್ರೆ ಬಿಡಿ. ಒಂದಕ್ಕೆ ಒಂದು ನಿಮಿಷವೂ ಬೇಡ, ಅರ್ಧ ಗಂಟೆಯಲ್ಲಿ 35-40 ಟ್ರ್ಯಾಕ್ ಜರಡಿ ಹಿಡೀಬಹುದು. ಉಳಿದ ಐದಾರನ್ನು ಪಕ್ಕಕ್ಕಿಟ್ಟು ಒಂದು ವಾರ ಬಿಟ್ಟು ಪೂರ್ತಿ ಕೇಳಿ. ವಾರದ ಮೇಲೂ ಚೆನ್ನಾಗಿದ್ರೆ ಮಾತ್ರ ದುಡ್ಡು ಕೊಡಿ. ಒಂದೇ ಸಲಕ್ಕೆ ನಲವತ್ತಕ್ಕಿಂತ ಹೆಚ್ಚು ಕೇಳಬೇಡಿ. ಕಿವಿ ದಣಿದ ಮೇಲೆ ಜೋರಾಗಿ ಮಾಸ್ಟರ್ ಆಗಿರೋದೆಲ್ಲ ಚೆನ್ನಾಗಿದೆ ಅನ್ನಿಸೋಕೆ ಶುರುವಾಗುತ್ತೆ.

#5 ಕತ್ತಲೆಕೋಣೆ

ಸೂಜಿಮೊನೆ ಸರ್, ಆಪ್‌ಗಳನ್ನು ಪೂರ್ತಿ ತೆಗೆದುಹಾಕಬೇಡಿ. ತಪ್ಪು ಬಳಸೋ ರೀತಿಯಲ್ಲಿದೆ.

ಸ್ಪಾಟಿಫೈನ ಡಿಸ್ಕವರ್ ವೀಕ್ಲಿ ಪ್ರತಿ ಸೋಮವಾರ 30 ಹಾಡು ಕೊಡುತ್ತೆ. ನೀವು ಕೇಳಿದ್ದನ್ನು, ನಿಮ್ಮಂಥದ್ದೇ ಕೇಳೋ ಬೇರೆಯವರ ಪ್ಲೇಲಿಸ್ಟ್‌ಗಳನ್ನು ಹೋಲಿಸಿ ಮಾಡಿದ ಪಟ್ಟಿ ಅದು. ಅದೇ ಅಕೌಂಟಿನಲ್ಲಿ ಮನೆಯವರು ಭಕ್ತಿಗೀತೆ, ಮಕ್ಕಳು ಶಿಶುಗೀತೆ, ನೀವು ಜಿಮ್‌ನಲ್ಲಿ ಸಿನಿಮಾ ಹಾಡು ಹಾಕಿದ್ರೆ ಅದು ಕಲಸುಮೇಲೋಗರ ಆಗದೆ ಇನ್ನೇನಾಗುತ್ತೆ? ಬೇರೆಯವರ ಕೈಗೆ ಫೋನ್ ಕೊಡೋ ಮುಂಚೆ ಪ್ರೈವೇಟ್ ಸೆಷನ್ ಆನ್ ಮಾಡಿ. ಹಳೇ ಪ್ಲೇಲಿಸ್ಟ್‌ಗಳಿಗೆ ‘ಟೇಸ್ಟ್ ಪ್ರೊಫೈಲ್‌ನಿಂದ ಹೊರಗಿಡಿ’ ಅನ್ನೋ ಆಯ್ಕೆ ಇದೆ, ಮೂರು ಚುಕ್ಕಿ ಒತ್ತಿದ್ರೆ ಸಿಗುತ್ತೆ.

ಎಷ್ಟೋ ಜನಕ್ಕೆ ಗೊತ್ತಿಲ್ಲದ್ದು ಹುಡುಕೋ ಪೆಟ್ಟಿಗೆಯ ಶಕ್ತಿ. ಅಲ್ಲಿ ಇಂಗ್ಲಿಷ್‌ನಲ್ಲಿ ಲೇಬಲ್ ಅನ್ನೋ ಪದ, ಅದಕ್ಕಂಟಿಕೊಂಡು ಕೋಲನ್, ಆಮೇಲೆ ಡಬಲ್ ಕೋಟ್ ಒಳಗೆ ಲೇಬಲ್ ಹೆಸರು ಟೈಪ್ ಮಾಡಿ. ಒಂದು ಜಾಗ ಬಿಟ್ಟು ಇಯರ್ ಅನ್ನೋ ಪದ, ಕೋಲನ್, ಇಸವಿ. ಆ ಲೇಬಲ್ ಆ ವರ್ಷ ಹೊರತಂದದ್ದು ಬರುತ್ತೆ. ಕೋಲನ್ ಆದ ಮೇಲೆ ಜಾಗ ಬಿಟ್ರೆ ಕೆಲಸ ಕೆಡುತ್ತೆ. ಸೂಜಿಮೊನೆ ಸರ್ ಹೇಳಿದ ಲೇಬಲ್ ವಿದ್ಯೆಯನ್ನೇ ಆಪ್ ಒಳಗೂ ಮಾಡಬಹುದು ಅಂತ ಅಷ್ಟೆ.

ಟ್ರ್ಯಾಕ್, ಮಿಕ್ಸ್ ಹಾಕೋ ಸೈಟ್ ಸೌಂಡ್‌ಕ್ಲೌಡ್‌ನಲ್ಲಿ ಮೆಚ್ಚಿನ ಡಿಜೆಯ ಸ್ವಂತ ಟ್ರ್ಯಾಕ್‌ಗಳಿಗಿಂತ ಅವರ ಲೈಕ್ಸ್ ನೋಡಿ. ರೀಪೋಸ್ಟ್ ಅಂದ್ರೆ ಊರಿಗೆ ತೋರಿಸೋಕೆ, ಸ್ನೇಹಿತರ ದಾಕ್ಷಿಣ್ಯಕ್ಕೂ ಮಾಡ್ತಾರೆ. ಲೈಕ್ ಅಂದ್ರೆ ಹೆಚ್ಚಾಗಿ ತಮಗಾಗಿ ಇಟ್ಕೊಂಡ ಗುರುತು.

#6 ಸೂಜಿಮೊನೆ

ಲೇಬಲ್ ಹುಡುಕೋ ಸೂತ್ರ ಒಪ್ಪಿದೆ, ಅದು ನಿಜಕ್ಕೂ ಕೆಲಸಕ್ಕೆ ಬರುತ್ತೆ. ಒಂದು ತಿದ್ದುಪಡಿ: ಚಿಕ್ಕ ಲೇಬಲ್‌ಗಳು ಆಪ್‌ಗೆ ಹಾಕುವಾಗ ಆ ಜಾಗದಲ್ಲಿ ಕೆಲವು ಸಲ ವಿತರಕರ ಹೆಸರೋ ಕಲಾವಿದರ ಹೆಸರೋ ಕೂತಿರುತ್ತೆ. ಆಗ ಹುಡುಕಾಟ ಖಾಲಿ ಬರುತ್ತೆ. ಖಾಲಿ ಬಂದ್ರೆ ಲೇಬಲ್ ಇಲ್ಲ ಅಂದುಕೋಬೇಡಿ, ಒಂದು ಆಲ್ಬಮ್‌ನ ಕೊನೆಗೆ ಹೋಗಿ ಅಲ್ಲಿರೋ ಹಕ್ಕುಸ್ವಾಮ್ಯದ ಸಾಲಲ್ಲಿ ಹೆಸರು ಹೇಗೆ ಬರೆದಿದ್ದಾರೆ ನೋಡಿ ಹಾಗೇ ಹಾಕಿ.

ಆದ್ರೆ ಡಿಸ್ಕವರ್ ವೀಕ್ಲಿ ಬಗ್ಗೆ ಒಪ್ಪಲ್ಲ. ಬೇರೆ ಕೇಳುಗರು ಹಾಕಿಕೊಂಡ ಪ್ಲೇಲಿಸ್ಟ್‌ಗಳ ಮೇಲೆ ನಿಂತ ವ್ಯವಸ್ಥೆಗೆ ಯಾರೂ ಪ್ಲೇಲಿಸ್ಟ್‌ಗೆ ಹಾಕದ ರೆಕಾರ್ಡ್ ಕಾಣೋದೇ ಇಲ್ಲ. 300 ಪ್ರತಿ ಅಚ್ಚಾಗಿ, ಕಲಾವಿದರು ನೇರವಾಗಿ ಮಾರೋ ಸೈಟ್ ಬ್ಯಾಂಡ್‌ಕ್ಯಾಂಪ್‌ನಲ್ಲಿ ಮಾತ್ರ ಇರೋದು ಅದರ ಲೋಕದಲ್ಲಿ ಹುಟ್ಟೇ ಇಲ್ಲ. ಪ್ರಶ್ನೆ ಕೇಳಿದವರು ಸಿಕ್ಕಿಹಾಕಿಕೊಂಡಿರೋದು ಇದೇ ಕೊಳದಲ್ಲಿ.

#7 ಕತ್ತಲೆಕೋಣೆ

ಕೊಳ ಅಂದ್ರೂ ಈಜು ಕಲಿಯೋಕೆ ಸಾಕು ಸರ್. ಸರಿ, ಮುಂದಕ್ಕೆ ಹೋಗೋಣ.

#8 ರಾತ್ರಿಪಾಳಿ

ಇಂಟರ್ನೆಟ್‌ನಲ್ಲಿ ಸಿಗೋ ರೇಡಿಯೋ ಯಾರೂ ಹೇಳಲಿಲ್ಲ. ಎನ್‌ಟಿಎಸ್ (ಲಂಡನ್, 2011) ಎರಡು ಚಾನೆಲ್ ನಡೆಸುತ್ತೆ. ಹಳೇ ಕಾರ್ಯಕ್ರಮಗಳ ಸಂಗ್ರಹ ಪುಕ್ಕಟೆ, ಬಹುಪಾಲಿಗೆ ಟ್ರ್ಯಾಕ್‌ಗಳ ಪಟ್ಟಿಯೂ ಇರುತ್ತೆ. ರಿನ್ಸ್ ಎಫ್‌ಎಂ 1994ರಲ್ಲಿ ಕಳ್ಳ ರೇಡಿಯೋ ಆಗಿ ಶುರುವಾಗಿ 2010ರಲ್ಲಿ ಲೈಸೆನ್ಸ್ ಪಡೆದದ್ದು. ಗರಾಜ್, ಗ್ರೈಮ್, ಡಬ್‌ಸ್ಟೆಪ್ ಬೇಕಿದ್ರೆ ಅಲ್ಲಿ. ನ್ಯೂಯಾರ್ಕಿನ ದಿ ಲಾಟ್ ರೇಡಿಯೋ, ನಮ್ಮ ದೆಹಲಿಯ ಬಾಕ್ಸ್‌ಔಟ್ ಎಫ್‌ಎಂ (2017) ಕೂಡ ಇಂಥವೇ. ಬಿಬಿಸಿ ರೇಡಿಯೋ 1ರ ಎಸೆನ್ಷಿಯಲ್ ಮಿಕ್ಸ್ 1993ರಿಂದ ಇದೆ, ಎರಡು ಗಂಟೆಯ ಮಿಕ್ಸ್. ಎಲೆಕ್ಟ್ರಾನಿಕ್ ಸಂಗೀತದ ಸೈಟ್ ರೆಸಿಡೆಂಟ್ ಅಡ್ವೈಸರ್‌ನ ವಾರದ ಪಾಡ್‌ಕಾಸ್ಟ್ 2006ರಿಂದ.

ನೇರ ಪ್ರಸಾರ ಕೇಳಬೇಕಂದ್ರೆ ಗಡಿಯಾರದ ಲೆಕ್ಕ ಗೊತ್ತಿರಬೇಕು. ಲಂಡನ್‌ನಲ್ಲಿ ರಾತ್ರಿ 10 ಅಂದ್ರೆ ಅವರ ಚಳಿಗಾಲದಲ್ಲಿ ನಮಗೆ ಬೆಳಗಿನ ಜಾವ 3:30, ಬೇಸಿಗೆಯಲ್ಲಿ 2:30. ಮಾರ್ಚ್ ಕೊನೆಯ ಭಾನುವಾರ, ಅಕ್ಟೋಬರ್ ಕೊನೆಯ ಭಾನುವಾರ ಅವರು ಗಡಿಯಾರ ತಿರುಗಿಸ್ತಾರೆ. ನಮ್ಮಲ್ಲಿ ಆ ಪದ್ಧತಿ ಇಲ್ಲದ್ದರಿಂದ ಆ ವಾರ ಎಲ್ಲರೂ ಕಾರ್ಯಕ್ರಮ ತಪ್ಪಿಸ್ಕೋತಾರೆ. ನಿದ್ದೆ ಕೆಡಿಸ್ಕೊಳ್ಳೋದು ಬೇಡ, ಸಂಗ್ರಹದಲ್ಲೇ ಕೇಳಿ.

ರೇಡಿಯೋನ ಹಿನ್ನೆಲೆಗೆ ಹಾಕಿ ಮರೆತುಬಿಟ್ರೆ ಏನೂ ದಕ್ಕಲ್ಲ. ಪಕ್ಕದಲ್ಲಿ ಒಂದು ಚೀಟಿ ಇರಲಿ. ಕಿವಿ ನಿಂತ ಕಡೆ ಬರೀ ನಿಮಿಷ ಬರೆದಿಡಿ: 13:40, 38:05. ಕಾರ್ಯಕ್ರಮ ಮುಗಿದ ಮೇಲೆ ಪಟ್ಟಿ ತೆಗೆದು ಹೊಂದಿಸಿ. ಪಟ್ಟಿಯಲ್ಲಿ ನಿಮಿಷ ಕೊಟ್ಟಿಲ್ಲ ಅಂದ್ರೂ ಗಂಟೆಗೆ 12ರಿಂದ 15 ಟ್ರ್ಯಾಕ್ ಅಂತ ಹಿಡಿದು ಅಂದಾಜು ಮಾಡಬಹುದು.

#9 ಮಳೆಹನಿ_122

ತುಂಬಾ ಉಪಕಾರ ಆಯ್ತು. ಆ ಮಿಕ್ಸ್‌ಗೆ ಪಟ್ಟಿ ಇಲ್ಲ. ಮತ್ತೆ 500 ರೂಪಾಯಿ ಎಲ್ಲಿ ಖರ್ಚು ಮಾಡೋದು? ಬೀಟ್‌ಪೋರ್ಟಾ, ಬ್ಯಾಂಡ್‌ಕ್ಯಾಂಪಾ?

#10 ಹೈಹ್ಯಾಟ್

ನೀವು ಡಿಜೆ ಆಗಿದ್ರೆ ಬೀಟ್‌ಪೋರ್ಟ್, ಕೇಳುಗರಾಗಿದ್ರೆ ಬ್ಯಾಂಡ್‌ಕ್ಯಾಂಪ್.

ಬೀಟ್‌ಪೋರ್ಟ್ 2004ರಿಂದ ಇರೋ ಡಿಜೆಗಳ ಅಂಗಡಿ. ಬಿಪಿಎಂ, ಕೀ (ಟ್ರ್ಯಾಕಿನ ಶ್ರುತಿ) ಹಾಕಿ ಸೋಸಬಹುದು, ಅದು ಅದರ ದೊಡ್ಡ ಗುಣ. ಆದ್ರೆ ಪ್ರಕಾರದ ಹಣೆಪಟ್ಟಿ ನಂಬಬೇಡಿ. ಟ್ರ್ಯಾಕ್ ಕಳಿಸುವಾಗ ಲೇಬಲ್‌ನವರು ಪ್ರಕಾರ ಆರಿಸ್ತಾರೆ. ಪೈಪೋಟಿ ಕಮ್ಮಿ ಇರೋ ಪಟ್ಟಿಯಲ್ಲಿ ಮೇಲೆ ಬರೋದು ಸುಲಭ ಅನ್ನೋ ಲೆಕ್ಕವೂ ಅದರಲ್ಲಿ ಸೇರಿರುತ್ತೆ. ಡೀಪ್ ಹೌಸ್ ವಿಭಾಗಕ್ಕೆ ಹೋದ್ರೆ ಶಿಕಾಗೋ, ನ್ಯೂಜೆರ್ಸಿಯ ಆ ಬೆಚ್ಚಗಿನ ಸದ್ದು ಹುಡುಕಿಕೊಂಡು ಹೋದವರಿಗೆ ಪಾಪ್ ಗಾಯನ ಹಾಕಿದ ಇನ್ನೇನೋ ಸಿಗುತ್ತೆ. ಟಾಪ್ 100 ಅಂತೂ ಬಿಟ್ಟೇಬಿಡಿ. ಡಿಜೆಗಳು ಹಾಕೋ ಹತ್ತು ಹತ್ತರ ಚಾರ್ಟ್ ನೋಡಬಹುದು, ಅದರಲ್ಲೂ ಮೊದಲ ಸ್ಥಾನದಲ್ಲಿರೋದು ಅವರದೇ ಹೊಸ ಟ್ರ್ಯಾಕ್ ಆಗಿದ್ರೆ ಅದನ್ನು ಬಿಟ್ಟು ಉಳಿದ ಒಂಬತ್ತು ಕೇಳಿ.

ಬ್ಯಾಂಡ್‌ಕ್ಯಾಂಪ್‌ನಲ್ಲಿ ನಿಜವಾದ ಗಣಿ ಇರೋದು ಆಲ್ಬಮ್ ಚಿತ್ರದ ಕೆಳಗೆ ಕಾಣೋ ಚಿಕ್ಕ ಚಿಕ್ಕ ಮುಖಗಳಲ್ಲಿ. ದುಡ್ಡು ಕೊಟ್ಟು ಕೊಂಡವರು ಅವರು. ಒಂದು ಮುಖ ಒತ್ತಿದ್ರೆ ಅವರು ಕೊಂಡ ಎಲ್ಲ ಆಲ್ಬಮ್‌ಗಳ ಕಪಾಟು ತೆರೆಯುತ್ತೆ. ಮೂರು ಸಾವಿರ ಆಲ್ಬಮ್ ಇರೋರ ಕಪಾಟು ಬೇಡ, ಅವರು ಎಲ್ಲವನ್ನೂ ಕೊಳ್ಳೋ ಜನ. 80ರಿಂದ 300 ಇರೋರನ್ನು ಹುಡುಕಿ. ನಿಮ್ಮಲ್ಲಿರೋ ಎರಡು ಆಲ್ಬಮ್, ಅದರಲ್ಲೂ ಜಾಸ್ತಿ ಜನಕ್ಕೆ ಗೊತ್ತಿಲ್ಲದ ಎರಡು, ಅವರ ಹತ್ತಿರವೂ ಇದ್ರೆ ಫಾಲೋ ಮಾಡಿ. ಇಂಥ ಹತ್ತು ಜನ ಸಿಕ್ಕಿದ್ರೆ ವಾರಕ್ಕೆ ಎರಡು ಗಂಟೆ ಸಾಲೋದಿಲ್ಲ ನಿಮಗೆ.

ದುಡ್ಡಿನ ವಿಚಾರ: ಬೆಲೆ ಡಾಲರ್, ಪೌಂಡ್ ಅಥವಾ ಯೂರೋದಲ್ಲಿರುತ್ತೆ. ಮೊದಲು ಬ್ಯಾಂಕಿನ ಆಪ್‌ನಲ್ಲಿ ಕಾರ್ಡಿನ ಅಂತರರಾಷ್ಟ್ರೀಯ ಆನ್‌ಲೈನ್ ವ್ಯವಹಾರ ಆನ್ ಮಾಡಿ. ಅದು ಆಫ್ ಆಗಿರೋದ್ರಿಂದಲೇ ಪೇಮೆಂಟ್ ಫೇಲ್ ಆಗುತ್ತೆ, ಜನ ಸೈಟಿನ ತಪ್ಪು ಅಂದ್ಕೋತಾರೆ. ಬ್ಯಾಂಕಿನವರು ವಿದೇಶಿ ವಿನಿಮಯಕ್ಕೆ ಅಂತ ಸಾಮಾನ್ಯವಾಗಿ 2ರಿಂದ 3.5 ಶೇಕಡ, ಅದರ ಮೇಲೆ ಜಿಎಸ್‌ಟಿ ಹಿಡೀತಾರೆ. ಆಲ್ಬಮ್ ಪೂರ್ತಿ ಬೇಡ ಅಂದ್ರೆ ಒಂದೊಂದೇ ಟ್ರ್ಯಾಕ್ ಕೊಳ್ಳಬಹುದು. ‘ನಿಮ್ಮ ಬೆಲೆ ಹೇಳಿ’ ಅಂತಿದ್ರೆ ಸೊನ್ನೆ ಹಾಕಿದ್ರೂ ನಡೆಯುತ್ತೆ, ನಾಚಿಕೆ ನಿಮಗೆ ಬಿಟ್ಟದ್ದು. ಕೊಂಡ ಮೇಲೆ ಫ್ಲ್ಯಾಕ್‌ನಲ್ಲೇ (ಗುಣಮಟ್ಟ ಕಳೆಯದ ಫೈಲ್) ಇಳಿಸಿಕೊಳ್ಳಿ, ಬೇಕಾದಾಗ ಎಂಪಿ3 ಮಾಡ್ಕೋಬಹುದು. ಎಂಪಿ3ಯಿಂದ ಹಿಂದಕ್ಕೆ ಬರೋಕಾಗಲ್ಲ.

ವಿನೈಲ್ ತರಿಸೋ ಯೋಚನೆ ಇದ್ರೆ ಮೊದಲು ಸಾಗಾಟದ ಖರ್ಚು ನೋಡಿ. ಒಂದೇ ರೆಕಾರ್ಡ್‌ಗೆ ಯುರೋಪಿನಿಂದ ಕಳಿಸೋ ಖರ್ಚು ಎಷ್ಟೋ ಸಲ ರೆಕಾರ್ಡಿನ ಬೆಲೆಯನ್ನೇ ಮೀರುತ್ತೆ. 500ರ ಬಜೆಟ್‌ಗೆ ಅದು ಆಗದ ಮಾತು.

#11 ರಾತ್ರಿಪಾಳಿ

ಬ್ಯಾಂಡ್‌ಕ್ಯಾಂಪ್ ಫ್ರೈಡೇ ಮರೀಬೇಡಿ. 2020ರ ಮಾರ್ಚ್‌ನಲ್ಲಿ ಶುರುವಾದದ್ದು, ಆಯ್ದ ಶುಕ್ರವಾರಗಳಲ್ಲಿ ಕಂಪನಿ ತನ್ನ ಪಾಲು ಬಿಟ್ಟುಕೊಡುತ್ತೆ. ಮಾಮೂಲಿ ದಿನ ಡಿಜಿಟಲ್ ಮಾರಾಟದಲ್ಲಿ ಅವರ ಪಾಲು 15 ಶೇಕಡ. ಐದು ಡಾಲರ್ ಆಲ್ಬಮ್‌ಗೆ 75 ಸೆಂಟ್. ಆ ದಿನ ಅದೂ ಕಲಾವಿದರಿಗೆ ಹೋಗುತ್ತೆ, ಪೇಮೆಂಟ್ ಶುಲ್ಕ ಮಾತ್ರ ಕಳೆಯುತ್ತೆ. ನಮ್ಮವರು ಮಾಡೋ ತಪ್ಪು: ಶುಕ್ರವಾರ ಬೆಳಿಗ್ಗೆ ಕಾಫಿ ಕುಡೀತಾ ಕೊಂಡುಬಿಡ್ತಾರೆ. ಅದು ಅಮೆರಿಕದ ಪಶ್ಚಿಮ ತೀರದ ಗಡಿಯಾರದಂತೆ ನಡೆಯೋದು. ಆಗ ಅಲ್ಲಿ ಇನ್ನೂ ಗುರುವಾರ! ನಮ್ಮ ಲೆಕ್ಕಕ್ಕೆ ಶುಕ್ರವಾರ ಮಧ್ಯಾಹ್ನ 12:30ಕ್ಕೆ ಶುರುವಾಗಿ ಶನಿವಾರ ಮಧ್ಯಾಹ್ನ 12:30ರವರೆಗೆ, ಅವರ ಚಳಿಗಾಲದಲ್ಲಿ 1:30. ಶುಕ್ರವಾರ ರಾತ್ರಿ ಊಟ ಆದ ಮೇಲೆ ಕೊಂಡ್ರೆ ಯಾವ ತಲೆನೋವೂ ಇಲ್ಲ.

#12 ಸೂಜಿಮೊನೆ

ರೆಕಾರ್ಡ್ ಅಂಗಡಿಗಳ ಸೈಟ್ ಕೂಡ ನೋಡಿ, ಕೊಳ್ಳದಿದ್ರೂ ಪರವಾಗಿಲ್ಲ. ಬರ್ಲಿನ್‌ನ ಹಾರ್ಡ್ ವ್ಯಾಕ್ಸ್ ಮೇಲೆ ಹೇಳಿದ ಅರ್ನೆಸ್ಟಸ್ 1989ರಲ್ಲಿ ತೆರೆದ ಅಂಗಡಿಯೇ. ಅಲ್ಲಿ ಪ್ರತಿ ರೆಕಾರ್ಡ್‌ಗೆ ಒಂದೇ ಸಾಲಿನ ವಿವರಣೆ, ಜಾಹೀರಾತಿನ ಬಣ್ಣ ಇಲ್ಲ, ಚೆನ್ನಾಗಿದ್ರೆ ‘ಟಿಪ್’ ಅಂತ ಗುರುತು. ಮ್ಯಾಂಚೆಸ್ಟರ್‌ನ ಬೂಮ್‌ಕ್ಯಾಟ್ ಇದಕ್ಕೆ ತದ್ವಿರುದ್ಧ, ವಿಶೇಷಣಗಳ ಮಳೆ ಸುರಿಸ್ತಾರೆ. ಆದ್ರೂ ಕಿವಿ ಒಳ್ಳೇದು. ಆಮ್ಸ್ಟರ್‌ಡ್ಯಾಮ್‌ನ ರಷ್ ಅವರ್, ರಾಟರ್‌ಡ್ಯಾಮ್‌ನ ಕ್ಲೋನ್, ಲಂಡನ್‌ನ ಫೋನಿಕಾ. ಬೀಟ್‌ಪೋರ್ಟ್‌ಗೆ ವಾರಕ್ಕೆ ಸಾವಿರಗಟ್ಟಲೆ ಹೊಸ ಟ್ರ್ಯಾಕ್ ಬಂದು ಬೀಳುತ್ತೆ. ಈ ಅಂಗಡಿಗಳ ಕಪಾಟಿನಲ್ಲಿ ಜಾಗ ಕಮ್ಮಿ, ವಿನೈಲ್ ಮಾರಾಟ ಆಗದಿದ್ರೆ ಕೈಯಿಂದ ದುಡ್ಡು ಹೋಗುತ್ತೆ. ಅದಕ್ಕೇ ಅವರ ಆಯ್ಕೆ ಬಿಗಿಯಾಗಿರುತ್ತೆ. ಒಂದೇ ಒಂದು ಅಂಗಡಿ ಆರಿಸಿ, ಅದರ ಹೊಸ ಸರಕಿನ ಪುಟವನ್ನು ವಾರಕ್ಕೊಮ್ಮೆ ಮೇಲಿಂದ ಕೆಳಕ್ಕೆ ಕೇಳಿ. ಐದು ಅಂಗಡಿ ಸುತ್ತೋಕೆ ಹೋದ್ರೆ ಎರಡನೇ ವಾರಕ್ಕೇ ಬೇಸರ ಬರುತ್ತೆ.

#13 ಕಡಲತೀರ

ಎಲ್ಲ ಬರ್ಲಿನ್, ಲಂಡನ್ ಆಯಿತಲ್ಲ! ಪ್ರಪಂಚ ದೊಡ್ಡದುಂಟು.

ಹೊಸ ಊರಿನ ಸಂಗೀತಕ್ಕೆ ಕಾಲಿಡುವುದಾದರೆ ಒಬ್ಬ ಕಲಾವಿದನಿಂದ ಬೇಡ, ಹಲವರು ಸೇರಿದ ಸಂಕಲನದಿಂದ ಶುರು ಮಾಡಿ. ಒಂದು ಸಂಕಲನ ಕೇಳಿದರೆ ಹತ್ತು ಹನ್ನೆರಡು ಹೆಸರು ಒಮ್ಮೆಲೇ ಸಿಗುತ್ತದೆ, ಇಷ್ಟವಾದ ಎರಡರ ಬೆನ್ನು ಹತ್ತಿದರೆ ಸಾಕು. ಡೆಟ್ರಾಯ್ಟ್ ಟೆಕ್ನೋ ಹೊರಗಿನವರಿಗೆ ಗೊತ್ತಾದದ್ದೇ 1988ರಲ್ಲಿ ಬ್ರಿಟನ್ನಿನಲ್ಲಿ ಬಂದ ಒಂದು ಸಂಕಲನದಿಂದ. ಶಿಕಾಗೋದ ಫುಟ್‌ವರ್ಕ್, ಅಂದರೆ 160 ಬಿಪಿಎಂನ ಆ ಕಾಲ್ಚಳಕದ ಸಂಗೀತ, 2010ರಲ್ಲಿ ಪ್ಲಾನೆಟ್ ಮು ಲೇಬಲ್‌ನ ಸಂಕಲನದ ಮೂಲಕ ಹೊರಗಿನ ಕಿವಿಗಳಿಗೆ ಬಿತ್ತು. ಉಗಾಂಡದ ಕಂಪಾಲಾದ ನ್ಯೆಗೆ ನ್ಯೆಗೆ ಟೇಪ್ಸ್ 2017ರಲ್ಲಿ ತಾಂಜಾನಿಯಾದ ಸಿಂಗೇಲಿ ಹೊರತಂದದ್ದು ಕೂಡ ಹಾಗೆಯೇ. ಸಿಂಗೇಲಿ 200 ಬಿಪಿಎಂ ದಾಟಿ ಓಡುತ್ತದೆ, ಊಟ ಆದ ಕೂಡಲೇ ಕೇಳಬೇಡಿ. ಮಳೆಹನಿಯವರ ವೇಗಕ್ಕೆ ಹತ್ತಿರದ್ದು ಬೇಕಾದರೆ ದಕ್ಷಿಣ ಆಫ್ರಿಕಾದ ಅಮಪಿಯಾನೋ ಕೇಳಿ, 110ರಿಂದ 115. ಡೀಪ್ ಹೌಸ್‌ನ ಸಂಬಂಧಿಯೇ ಅದು, ಕಿಕ್ ಬದಲು ಲಾಗ್ ಡ್ರಮ್ ಅನ್ನುವ ಬೇಸ್ ಸದ್ದು ಮುಂದೆ ನಿಲ್ಲುತ್ತದೆ.

#14 ಕತ್ತಲೆಕೋಣೆ

ಇಲ್ಲಿನದ್ದೂ ಸೇರಿಸೋಣ. ಬೆಂಗಳೂರಿನಲ್ಲಿ ಕನ್ಸಾಲಿಡೇಟ್ ಅಂತ ಕಲಾವಿದರ ಗುಂಪು, ಅದೇ ಲೇಬಲ್ ಕೂಡ. ಬ್ಯಾಂಡ್‌ಕ್ಯಾಂಪ್‌ನಲ್ಲಿದೆ. ದೆಹಲಿಯ ಕಿಲ್ಲಾ ರೆಕಾರ್ಡ್ಸ್‌ನಲ್ಲಿ ಟೆಕ್ನೋ. ಬ್ಯಾಂಡ್‌ಕ್ಯಾಂಪ್‌ನಲ್ಲಿ ಊರಿನ ಹೆಸರೂ ಟ್ಯಾಗ್ ಆಗಿರುತ್ತೆ. ಬೆಂಗಳೂರು ಅನ್ನೋದನ್ನು ಇಂಗ್ಲಿಷ್‌ನ ಹಳೇ ಕಾಗುಣಿತ, ಹೊಸ ಕಾಗುಣಿತ ಎರಡರಲ್ಲೂ ಹುಡುಕಿ, ಬೇರೆ ಬೇರೆ ಫಲಿತಾಂಶ ಬರುತ್ತೆ.

ಹಳೇದೂ ಹೊಸದಾಗಿ ಸಿಗಬಹುದು ಅನ್ನೋದಕ್ಕೆ ಚರಣ್‌ಜಿತ್ ಸಿಂಗ್ ಸಾಕ್ಷಿ. ಮುಂಬೈ ಸಿನಿಮಾ ವಾದ್ಯಗೋಷ್ಠಿಯವರು, 1982ರಲ್ಲಿ ರೋಲ್ಯಾಂಡ್ ಕಂಪನಿಯ ಎಲೆಕ್ಟ್ರಾನಿಕ್ ವಾದ್ಯಗಳಾದ ಟಿಬಿ-303, ಟಿಆರ್-808, ಜುಪಿಟರ್-8 ಇಟ್ಕೊಂಡು ಡಿಸ್ಕೋ ತಾಳಕ್ಕೆ ಹತ್ತು ರಾಗ ನುಡಿಸಿದ್ರು. ಯಾರೂ ಕ್ಯಾರೇ ಅನ್ನಲಿಲ್ಲ. 2010ರಲ್ಲಿ ಮರುಮುದ್ರಣ ಆದಾಗ ಲೋಕವೇ ಬೆರಗಾಯ್ತು, ಯಾಕಂದ್ರೆ ಶಿಕಾಗೋದ ಆ್ಯಸಿಡ್ ಹೌಸ್‌ಗೆ ಹೆಸರು ತಂದ 303ರ ಆ ಸದ್ದು ಅದಕ್ಕೂ ಮುಂಚೆ ಇಲ್ಲಿ ರೆಕಾರ್ಡ್ ಆಗಿತ್ತು.

#15 ಹೈಹ್ಯಾಟ್

ಈಗ ಆ 47ನೇ ನಿಮಿಷ. ಶಝಾಮ್ ಯಾಕೆ ಸೋಲುತ್ತೆ ಅಂತ ತಿಳ್ಕೊಂಡ್ರೆ ದಾರಿ ತಾನಾಗೇ ಕಾಣುತ್ತೆ.

ಅದು ರಾಗ, ತಾಳ ಗುರುತಿಸಲ್ಲ. ಸದ್ದಿನ ನಕ್ಷೆಯಲ್ಲಿ ಎದ್ದು ಕಾಣೋ ಶಿಖರಗಳನ್ನು ಹಿಡಿದು, ಎರಡೆರಡು ಶಿಖರಗಳ ಕಂಪನಾಂಕ ಮತ್ತು ನಡುವಿನ ಸಮಯದ ಅಂತರ ಸೇರಿಸಿ ಬೆರಳಚ್ಚು ಮಾಡುತ್ತೆ. ಡಿಜೆ ಟ್ರ್ಯಾಕಿನ ವೇಗ ಏರಿಸಿದ್ರೆ ಅಂತರವೂ ಬದಲು, ಕಂಪನಾಂಕವೂ ಬದಲು. ಕೀ ಲಾಕ್ ಹಾಕಿದ್ರೆ ಸ್ವರ ಉಳಿಯುತ್ತೆ, ಅಂತರ ಮಾತ್ರ ಕೆಡುತ್ತೆ. ಎರಡು ಟ್ರ್ಯಾಕ್ ಒಟ್ಟಿಗೆ ಓಡ್ತಿದ್ರೆ ಶಿಖರಗಳೇ ಕಲಸಿಹೋಗುತ್ತವೆ.

ಮೊದಲು ಸುಲಭದ್ದು: ಟ್ರ್ಯಾಕ್ ಒಂಟಿಯಾಗಿ ಕೇಳೋ ಜಾಗ ಹುಡುಕಿ, ಸಾಮಾನ್ಯವಾಗಿ ಕಿಕ್ ಬಿಟ್ಟುಹೋಗೋ ಬ್ರೇಕ್‌ಡೌನ್. ಅಲ್ಲಿ ಶಝಾಮ್ ಹಿಡೀರಿ.

ಆಗಲಿಲ್ಲವಾ, ಆ ಜಾಗದ 30 ಸೆಕೆಂಡ್ ಕತ್ತರಿಸಿ ಆಡಿಯೋ ಎಡಿಟ್ ಮಾಡೋ ಸಾಫ್ಟ್‌ವೇರ್ ಅಡಾಸಿಟಿಯಲ್ಲಿ ತೆರೀರಿ. ಮಿಕ್ಸ್‌ನ ವೇಗ ಅಳೀರಿ. 15 ಸೆಕೆಂಡ್ ಎಣಿಸಿ ನಾಲ್ಕರಿಂದ ಗುಣಿಸಬೇಡಿ, ಒಂದು ಬೀಟ್ ತಪ್ಪಿದ್ರೆ ನಾಲ್ಕು ಬಿಪಿಎಂ ತಪ್ಪುತ್ತೆ. ಪೂರ್ತಿ ಒಂದು ನಿಮಿಷ ಎಣಿಸಿ. 128 ಬಂತು ಅಂತಿಟ್ಕೊಳ್ಳಿ. ನಿಮಗಿಷ್ಟದ ಬಗೆಯ ಟ್ರ್ಯಾಕ್ ಮೂಲದಲ್ಲಿ 124 ಇರಬಹುದು. 124ರಿಂದ 128ಕ್ಕೆ ಏರಿಸಲು ಡಿಜೆ 3.23 ಶೇಕಡ ಹೆಚ್ಚಿಸಿರ್ತಾರೆ, ವಾಪಸ್ ಬರೋಕೆ 3.13 ಇಳಿಸಬೇಕು. ಎರಡೂ ಒಂದೇ ಅಲ್ಲ, ಗಮನಿಸಿ. ಮೂಲದ ವೇಗ ಗೊತ್ತಿಲ್ಲದ್ದರಿಂದ ಒಂದೊಂದೇ ಶೇಕಡ ಇಳಿಸುತ್ತಾ ಆರರವರೆಗೆ ಹೋಗಿ, ಪ್ರತಿ ಸಲವೂ ಶಝಾಮ್‌ಗೆ ಕೇಳಿಸಿ. ಪ್ರತಿ ಸಲ ಮೂಲ ತುಣುಕಿನ ಹೊಸ ನಕಲಿನ ಮೇಲೆ ಮಾಡಿ. ಇಳಿಸಿದ್ದನ್ನೇ ಮತ್ತೆ ಇಳಿಸಬೇಡಿ. ಮೊದಲ ಸುತ್ತಿನಲ್ಲಿ ವೇಗ, ಸ್ವರ ಎರಡೂ ಬದಲಾಗೋ ಆಯ್ಕೆ, ಎರಡನೇ ಸುತ್ತಿನಲ್ಲಿ ಟೆಂಪೋ ಮಾತ್ರ ಬದಲಾಗೋ ಆಯ್ಕೆ. ಡಿಜೆ ಕೀ ಲಾಕ್ ಬಳಸಿದ್ರೋ ಇಲ್ಲವೋ ನಮಗೆ ಗೊತ್ತಾಗಲ್ಲ ನೋಡಿ.

ಅದೂ ಆಗದಿದ್ರೆ 1001 ಟ್ರ್ಯಾಕ್‌ಲಿಸ್ಟ್ಸ್, ಮಿಕ್ಸಸ್‌ಡಿಬಿ ನೋಡಿ. ಎರಡೂ ಕೇಳುಗರೇ ತುಂಬೋ ಪಟ್ಟಿಗಳು. ಅಲ್ಲಿ ಹೆಸರಿನ ಜಾಗದಲ್ಲಿ ಐಡಿ ಅಂತ ಮಾತ್ರ ಇದ್ರೆ ಬಹುಶಃ ಅದಿನ್ನೂ ಬಿಡುಗಡೆ ಆಗಿಲ್ಲ. ಪ್ರೋಮೋ ಪ್ರತಿಗಳು ಡಿಜೆಗಳ ಕೈಗೆ ತಿಂಗಳುಗಟ್ಟಲೆ ಮುಂಚೆ ಬರುತ್ತವೆ. ಮೂರು ತಿಂಗಳು ಬಿಟ್ಟು ಮತ್ತೆ ನೋಡಿ ಅಂತ ಫೋನ್‌ನಲ್ಲಿ ಜ್ಞಾಪಕ ಹಾಕಿಡಿ. ಸೌಂಡ್‌ಕ್ಲೌಡ್‌ನಲ್ಲಿರೋ ಮಿಕ್ಸ್ ಆದ್ರೆ ಪರದೆಯಲ್ಲಿ ಕಾಣೋ ಸದ್ದಿನ ಅಲೆಯ ಮೇಲೆ ಆ ನಿಮಿಷಕ್ಕೆ ಅಂಟಿದ ಕಾಮೆಂಟ್ ಓದಿ, ನಿಮ್ಮ ಹಾಗೇ ಕೇಳಿದವರಿಗೆ ಯಾರೋ ಉತ್ತರ ಕೊಟ್ಟಿರ್ತಾರೆ. ಗಾಯನ ಇದ್ರೆ ಸ್ಪಷ್ಟವಾಗಿ ಕೇಳೋ ನಾಲ್ಕೈದು ಪದ ಕೋಟ್ ಒಳಗೆ ಹಾಕಿ ಹುಡುಕಿ. ಹಳೇ ಡಿಸ್ಕೋ ಹಾಡೇ ಬಂತು ಅಂದ್ರೆ ಹೂ ಸ್ಯಾಂಪಲ್ಡ್ ಸೈಟಿನಲ್ಲಿ ಆ ಹಾಡನ್ನು ತೆಗೆದು, ಅದನ್ನು ಯಾರ್ಯಾರು ಬಳಸಿದ್ದಾರೆ ನೋಡಿ.

#16 ಮಳೆಹನಿ_122

ಸಿಕ್ತು! ಕೀ ಲಾಕ್ ಇತ್ತು ಅನ್ಸುತ್ತೆ. ಟೆಂಪೋ ಮಾತ್ರ 4 ಶೇಕಡ ಇಳಿಸಿದಾಗ ಹಿಡೀತು. ಆದ್ರೆ ಹೆಸರು ಹಾಕಿ ಕೇಳಿದ್ರೆ ಮಿಕ್ಸ್‌ನಲ್ಲಿ ಇದ್ದಂತಿಲ್ಲ. ಗಾಯನ ಜಾಸ್ತಿ ಇದೆ, 3:20ಕ್ಕೇ ಮುಗಿಯುತ್ತೆ.

#17 ಸೂಜಿಮೊನೆ

ಅದು ರೇಡಿಯೋ ಎಡಿಟ್, ಅಂದ್ರೆ ರೇಡಿಯೋಗೆ ಅಂತ ಚಿಕ್ಕದು ಮಾಡಿದ ಆವೃತ್ತಿ. ಶಝಾಮ್‌ಗೆ ಒಂದೇ ಟ್ರ್ಯಾಕಿನ ಆವೃತ್ತಿಗಳ ನಡುವೆ ಆಗಾಗ ಗೊಂದಲ ಆಗುತ್ತೆ, ಹಂಚಿಕೊಂಡ ಭಾಗ ಒಂದೇ ಆಗಿರೋದ್ರಿಂದ. ಡಿಸ್ಕಾಗ್ಸ್‌ನಲ್ಲಿ ಆ ಹೆಸರು ಹಾಕಿ 12 ಇಂಚಿನ ರೆಕಾರ್ಡ್ ತೆಗೀರಿ. ಟ್ರ್ಯಾಕ್ ಪಟ್ಟಿಯಲ್ಲಿ ಆರು ನಿಮಿಷ ದಾಟಿದ್ದನ್ನು, ಹೆಸರಿನ ಕೊನೆಗೆ ಡಬ್ ಅಂತ ಇರೋದನ್ನು ಮೊದಲು ಕೇಳಿ. ಡಬ್ ಅಂದ್ರೆ ಗಾಯನವನ್ನು ತುಂಡು ತುಂಡು ಮಾಡಿ ಉಳಿಸಿದ ಆವೃತ್ತಿ, ನಿಮ್ಮ ವಿವರಣೆಗೆ ಅದೇ ಹೊಂದುತ್ತೆ. ಸಾಮಾನ್ಯವಾಗಿ ರೆಕಾರ್ಡಿನ ಹಿಂಬದಿ, ಬಿ ಸೈಡ್‌ನಲ್ಲಿರುತ್ತೆ.

#18 ಮಳೆಹನಿ_122

ಬಿ2, ಬಿ ಸೈಡಿನ ಎರಡನೇ ಟ್ರ್ಯಾಕ್. ಅದೇ! ಬ್ಯಾಂಡ್‌ಕ್ಯಾಂಪ್‌ನಲ್ಲೂ ಇದೆ, ಒಂದೂವರೆ ಯೂರೋ. ಅದೇ ಲೇಬಲ್‌ನ ಇನ್ನೂ ಹನ್ನೊಂದು ರೆಕಾರ್ಡ್ ಕಾಣ್ತಿದೆ.

#19 ಕಡಲತೀರ

ಮುಗಿಯಿತು. ಎಪ್ಪತ್ತು ಟ್ಯಾಬ್ ಶುರು.